ಧಾರವಾಡದಲ್ಲಿದ್ದುಕೊಂಡು ಟ್ಯಾಂಗೋ ಕಲಿತ 22 ತಿಂಗಳು

2025ರ ಜೂನ್ ತಿಂಗಳ ಎರಡನೆಯ ಶನಿವಾರದ ರಾತ್ರಿ, ಬೆಂಗಳೂರಿನ ಒಂದು ಸಭಾಂಗಣದಲ್ಲಿ, ಹೆಸರು ಕೂಡ ಗೊತ್ತಿಲ್ಲದ ಹಿರಿಯರೊಬ್ಬರ ಜೊತೆ ನಾಲ್ಕು ಹಾಡು ಮುಗಿಯುವವರೆಗೆ ನಾನು ಅರ್ಜೆಂಟೀನಾದ ಟ್ಯಾಂಗೋ ಕುಣಿದೆ. ಹಾಡಿಗೆ ಮೂರು ನಿಮಿಷದ ಲೆಕ್ಕ ಹಿಡಿದರೆ ಒಟ್ಟು 12 ನಿಮಿಷ. ಅಲ್ಲಿಗೆ ತಲುಪಲು ನನಗೆ 22 ತಿಂಗಳು, 24 ಬೆಂಗಳೂರು ಪ್ರಯಾಣ ಮತ್ತು ಸುಮಾರು 90,000 ರೂಪಾಯಿ ಬೇಕಾಯಿತು. ತಿಳಿದವರು ಯಾರಾದರೂ ಮೊದಲೇ ಹೇಳಿದ್ದರೆ ಇದರಲ್ಲಿ ಆರು ತಿಂಗಳು ಮತ್ತು ಇಪ್ಪತ್ತು ಸಾವಿರದಷ್ಟು ಹಣ ಉಳಿಯುತ್ತಿತ್ತು.

ನಾನು ಧಾರವಾಡದಲ್ಲಿ ವಾಸವಾಗಿದ್ದು, ಹುಬ್ಬಳ್ಳಿಯ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತೇನೆ. ವಯಸ್ಸು 46. ಶಾಲೆಯ ದಿನಗಳ ಕೋಲಾಟವನ್ನು ಬಿಟ್ಟರೆ ಯಾವ ಕುಣಿತವನ್ನೂ ಕಲಿತವಳಲ್ಲ. ವೇದಿಕೆಯ ಮೇಲೆ ಪ್ರದರ್ಶನ ಕೊಡಬೇಕೆಂಬ ಆಸೆ ಮೊದಲೂ ಇರಲಿಲ್ಲ, ಈಗಲೂ ಇಲ್ಲ. ಕುಣಿಯುವವರ ಕೂಟದಲ್ಲಿ ನಾನೂ ಒಬ್ಬಳಾಗಿ ಕುಣಿಯಬೇಕು ಎನ್ನುವುದಷ್ಟೇ ನನಗೆ ಬೇಕಾಗಿದ್ದದ್ದು. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಗಳಲ್ಲಿ ಕುಳಿತು ಇಂಥದೇ ಆಸೆಯನ್ನು ಯಾರಿಗೂ ಹೇಳದೆ ಇಟ್ಟುಕೊಂಡವರು ಇರಬಹುದೆಂದು, ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಇದೆಲ್ಲ ಶುರುವಾದದ್ದು ಪೇಟಿಯಿಂದ, ಅಂದರೆ ಹಾರ್ಮೋನಿಯಂನಿಂದ. ಗದಗಿನಲ್ಲಿ ನಮ್ಮ ಅಪ್ಪ ಭಜನಾ ಮೇಳದಲ್ಲಿ ಪೇಟಿ ನುಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಪೇಟಿ ನಮ್ಮ ಮನೆಗೆ ಬಂದು, ಪಡಸಾಲೆಯ ಮೂಲೆಯಲ್ಲಿ ಹಳೆಯ ಧೋತರ ಹೊದ್ದು ಕುಳಿತಿತ್ತು. 2023ರ ಆಗಸ್ಟ್‌ನ ಒಂದು ಸಂಜೆ ಯಾರೋ ಅದನ್ನು ಮುಟ್ಟಿದರೆಂದು ಭಾವಿಸಿ ನಾನು ಅಡುಗೆಮನೆಯಿಂದ ಹೊರಗೆ ಬಂದರೆ, ದನಿ ಬರುತ್ತಿದ್ದದ್ದು ಮಗಳ ಫೋನಿನಿಂದ. ಅದು ಬಾಂದೋನಿಯೋನ್ ಎಂಬ ವಾದ್ಯ. 19ನೆಯ ಶತಮಾನದ ಜರ್ಮನಿಯಲ್ಲಿ ರೂಪುಗೊಂಡು, ಹೈನ್‌ರಿಖ್ ಬಾಂಡ್ ಎಂಬ ವಾದ್ಯ ವ್ಯಾಪಾರಿಯ ಹೆಸರು ಹೊತ್ತು, ಹಡಗೇರಿ ಬ್ಯೂನಸ್ ಐರಿಸ್ ತಲುಪಿದ ಅದರೊಳಗೂ ಪೇಟಿಯಲ್ಲಿರುವಂತೆಯೇ ತಿದಿಯ ಗಾಳಿ ಲೋಹದ ತೆಳು ನಾಲಿಗೆಗಳನ್ನು ನಡುಗಿಸಿ ಸ್ವರ ಹೊರಡಿಸುತ್ತದೆ. ಯುರೋಪಿನ ಹಾರ್ಮೋನಿಯಂ ನಮ್ಮಲ್ಲಿ ಭಜನೆಗೂ ಖಯಾಲಿಗೂ ಒಗ್ಗಿಹೋದಂತೆ ಅದು ಅಲ್ಲಿ ಟ್ಯಾಂಗೋಗೆ ಒಗ್ಗಿತು. ಒಳಕೋಣೆಯಿಂದ ಅತ್ತೆಯೂ ಎದ್ದು ಬಂದರು. ಸ್ವಲ್ಪ ಹೊತ್ತು ಕೇಳಿ, “ಇದು ಅಳಾಕತ್ತೈತೋ ಹಾಡಾಕತ್ತೈತೋ ತಿಳಿಯವಲ್ದು. ಬಂದ್ ಮಾಡಬ್ಯಾಡ, ಇನ್ನೊಮ್ಮೆ ಹಚ್ಚು” ಎಂದು ಮೊಮ್ಮಗಳಿಗೆ ಹೇಳಿದರು.

ಆ ಹುಮ್ಮಸ್ಸಿನಲ್ಲಿ ಮೊದಲ ತಪ್ಪು ಮಾಡಿದೆ. ಹುಬ್ಬಳ್ಳಿಯ ಒಂದು ನೃತ್ಯ ತರಗತಿಯ ಫಲಕದ ಮೇಲೆ ಸಾಲ್ಸಾ, ಜುಂಬಾಗಳ ಜೊತೆ ಟ್ಯಾಂಗೋ ಎಂದೂ ಬರೆದಿತ್ತು. ತಿಂಗಳಿಗೆ 1,500 ರೂಪಾಯಿಯಂತೆ ಮೂರು ತಿಂಗಳ ಹಣವನ್ನು ಮುಂಗಡವಾಗಿಯೇ ಕಟ್ಟಿದೆ. ಅಲ್ಲಿ ಕತ್ತನ್ನು ಝಟ್ಟನೆ ಪಕ್ಕಕ್ಕೆ ಹೊರಳಿಸುವುದು, ಎಣಿಕೆಗೆ ಸರಿಯಾಗಿ ಹೆಜ್ಜೆಗಳನ್ನು ಬಾಯಿಪಾಠ ಮಾಡುವುದು, ಕನ್ನಡಿಯ ಮುಂದೆ ಭಂಗಿ ಹಿಡಿದು ನಿಲ್ಲುವುದು ಇವೇ ನಡೆದವು. ಅದು ಬಾಲ್‌ರೂಮ್ ಟ್ಯಾಂಗೋ, ಅಂದರೆ ಇದೇ ಹೆಸರಿನ ಕುಣಿತ ಯುರೋಪಿಗೆ ಹೋಗಿ, ಇಂಗ್ಲೆಂಡಿನಲ್ಲಿ ಸ್ಪರ್ಧೆಗಳಿಗಾಗಿ ಕಟ್ಟುಪಾಡಿಗೆ ಒಳಗಾದ ರೂಪ, ಎಂಬುದು ನನಗೆ ತಿಳಿದದ್ದು ಮೂರನೆಯ ತಿಂಗಳಲ್ಲಿ. ಅದಕ್ಕೂ ತನ್ನದೇ ಶಿಸ್ತು ಇದೆ, ಕಲಿಸಿದವರೂ ಮನಸ್ಸಿಟ್ಟೇ ಕಲಿಸಿದರು. ನನಗೆ ಬೇಕಾದದ್ದು ಅದಾಗಿರಲಿಲ್ಲ. ಕಟ್ಟಿದ ಹಣ ಮರಳಿ ಬರಲಿಲ್ಲ. ಆದ್ದರಿಂದ ಎಲ್ಲಿಯೇ ಸೇರುವುದಿದ್ದರೂ ಹಣ ಕೊಡುವ ಮುನ್ನ ಒಂದು ಪ್ರಶ್ನೆ ಕೇಳಿರಿ: ಇಲ್ಲಿ ಕಲಿತವರು ಮಿಲೋಂಗಾಗೆ ಹೋಗುತ್ತಾರೆಯೇ? ಆ ಪದವೇ ಅವರಿಗೆ ಗೊತ್ತಿಲ್ಲವಾದರೆ ಅದು ನೀವು ಹುಡುಕುತ್ತಿರುವ ಜಾಗವಲ್ಲ.

ಮಿಲೋಂಗಾ ಎಂದರೆ ಟ್ಯಾಂಗೋ ಕುಣಿಯುವವರು ಸಂಜೆ ಸೇರುವ ಕೂಟ. ಇದೇ ಹೆಸರಿನ ಚುರುಕು ಲಯದ ಕುಣಿತವೂ ಒಂದಿರುವುದರಿಂದ ಆರಂಭದಲ್ಲಿ ಗೊಂದಲವಾಗುತ್ತದೆ. ಕೂಟದಲ್ಲಿ ಯಾರೂ ಮೊದಲೇ ಕಟ್ಟಿಟ್ಟ ಹೆಜ್ಜೆಗಳನ್ನು ಒಪ್ಪಿಸುವುದಿಲ್ಲ. ಒಬ್ಬರು ಮುನ್ನಡೆಸುತ್ತಾರೆ, ಇನ್ನೊಬ್ಬರು ಅನುಸರಿಸುತ್ತಾರೆ. ಮುಂದಿನ ಹೆಜ್ಜೆ ಯಾವುದೆಂದು ಇಬ್ಬರಿಗೂ ಒಂದು ಕ್ಷಣದ ಹಿಂದೆ ಗೊತ್ತಿರುವುದಿಲ್ಲ. ಧಾರವಾಡದವರಿಗೆ ಇದನ್ನು ತಿಳಿಸಿ ಹೇಳುವುದು ಸುಲಭ. ಹಿಂದೂಸ್ತಾನಿ ಸಂಗೀತದ ಬೈಠಕ್ಕಿನಲ್ಲಿ ರಾಗ ಯಾವುದು, ತಾಳ ಯಾವುದು ಎಂದು ಎಲ್ಲರಿಗೂ ಗೊತ್ತಿರುತ್ತದೆ, ಆದರೆ ಮುಂದಿನ ಆಲಾಪ ಎಲ್ಲಿಗೆ ಹೋಗಿ ಹೇಗೆ ಸಮಕ್ಕೆ ಬರುತ್ತದೆಂಬುದು ಹಾಡುವವರಿಗೂ ಹಾಡುವಾಗಲೇ ತಿಳಿಯುತ್ತದೆ. ತಬಲಾದವರು ಕಿವಿಗೊಟ್ಟು ಜೊತೆಯಲ್ಲಿಯೇ ನಡೆಯುತ್ತಾರೆ. ಇಲ್ಲಿ ಅದೇ ಕೆಲಸವನ್ನು ಎದೆ, ಬೆನ್ನು, ಅಂಗಾಲುಗಳು ಮಾಡುತ್ತವೆ. ನನ್ನನ್ನು ಹಿಡಿದು ನಿಲ್ಲಿಸಿದ ಆಕರ್ಷಣೆ ಇದೇ.

2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಒಂದು ಗುಂಪಿನ ಎಂಟು ವಾರಗಳ ಆರಂಭಿಕ ತರಗತಿಗೆ ಸೇರಿದೆ. ವಾರ ವಾರ ಹೋಗುವುದು ಸಾಧ್ಯವಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಬಂದು ಶನಿವಾರ ಮತ್ತು ಭಾನುವಾರ ಎರಡೂ ದಿನ ಕಲಿಯುತ್ತೇನೆ ಎಂದು ಕೇಳಿಕೊಂಡಾಗ ಗುರುಗಳು ಒಪ್ಪಿದರು. ಹೊರ ಊರಿನವರು ಇಂಥ ಹೊಂದಾಣಿಕೆಯನ್ನು ಕೇಳಲು ಹಿಂಜರಿಯಬಾರದು. ಮನೆಯಲ್ಲಿ ಹೇಳಲು ನಾನು ಒಂದು ವಾರ ತಡೆದೆ. ಪರಪುರುಷರ ತೆಕ್ಕೆಯಲ್ಲಿ ಕುಣಿಯುವ ಕಲೆ ಎಂದು ಹೇಗೆ ಬಾಯಿಬಿಡುವುದು? ಕೊನೆಗೆ ಊಟ ಮುಗಿದ ಮೇಲೆ ಯಜಮಾನರಿಗೆ ಒಂದು ಮಿಲೋಂಗಾದ ವಿಡಿಯೊ ತೋರಿಸಿ, ಮುಚ್ಚುಮರೆ ಇಲ್ಲದೆ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಇಷ್ಟು ವಯಸ್ಸಾದ ಮಂದಿ ಇಷ್ಟು ಶಾಂತ ಕುಣಿಯೂದು ನಾ ನೋಡೇ ಇಲ್ಲ. ಹೋಗಿ ಬಾ. ರಾತ್ರಿ ಎಲ್ಲಿ ಇಳಕೊಳ್ತಿ ಅನ್ನೋದಷ್ಟು ಹೇಳಿ ಹೋಗು” ಎಂದರು. ಆ ಮಾತಿಗೆ ನನ್ನ ಕಣ್ಣು ತುಂಬಿ ಬಂದವು. ಇಳಿದುಕೊಳ್ಳಲು ತಂಗಿಯ ಮನೆ ಇತ್ತು, ಇಲ್ಲವಾದರೆ ಖರ್ಚು ಇನ್ನೂ ಮೂವತ್ತು ಸಾವಿರ ಏರುತ್ತಿತ್ತು.

ಪ್ರಯಾಣದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕಲಿಕೆಯ ಅರ್ಧ ದಣಿವು ಅಲ್ಲಿಯೇ ಇದೆ. ಶುಕ್ರವಾರ ರಾತ್ರಿ ಧಾರವಾಡದಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಭಾನುವಾರ ರಾತ್ರಿ ಅದರಲ್ಲಿಯೇ ಹೊರಟರೆ ಸೋಮವಾರದ ತರಗತಿಗೆ ನಾನೇ ಹಾಜರು. ಆಟೋ, ಊಟ, ಟಿಕೆಟ್ ಸೇರಿ ಒಂದು ಸಲಕ್ಕೆ ಸರಾಸರಿ 2,200 ರೂಪಾಯಿ ಆಯಿತು. ತೊಡಕು ಬಂದದ್ದು ದಿನಾಂಕಗಳಲ್ಲಿ. ಹೊರಗಿನಿಂದ ಬರುವ ಗುರುಗಳ ಕಾರ್ಯಾಗಾರಗಳನ್ನು ಎರಡು ಮೂರು ವಾರ ಮುಂಚೆಯಷ್ಟೇ ತಿಳಿಸುತ್ತಾರೆ, ಅಷ್ಟರಲ್ಲಿ ವಾರಾಂತ್ಯದ ಸ್ಲೀಪರ್ ಭರ್ತಿಯಾಗಿರುತ್ತದೆ. 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವ ಅವಧಿ 120 ದಿನಗಳಿಂದ 60 ದಿನಗಳಿಗೆ ಇಳಿದ ಮೇಲೆ, ನಾನು ಪ್ರತಿ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶುಕ್ರವಾರಕ್ಕೆ, ತರಗತಿ ಇರಲಿ ಬಿಡಲಿ, ಮೊದಲೇ ಟಿಕೆಟ್ ತೆಗೆದಿಟ್ಟು, ಬೇಡವಾದಾಗ ರದ್ದು ಮಾಡುವ ರೂಢಿ ಮಾಡಿಕೊಂಡೆ.  ಸ್ಲೀಪರ್ ತತ್ಕಾಲ್ ತೆರೆಯುವ ಬೆಳಗಿನ 11 ಗಂಟೆಗೆ ನಾನು ಪಾಠ ಮಾಡುತ್ತಿರುತ್ತೇನೆ ಎಂಬುದೇ ಇದಕ್ಕೆ ಕಾರಣ.

ಮೊದಲ ಎಂಟು ವಾರ ಕಲಿಸಿದ್ದು ನಡಿಗೆ. ನಡೆಯುವುದನ್ನು ಕಲಿಯಲು 400 ಕಿಲೋಮೀಟರಿಗೂ ಹೆಚ್ಚು ದೂರ ಬಂದೆನೇ ಎಂದು ಎರಡನೆಯ ದಿನ ನನಗೆ ದುಃಖವಾಯಿತು, ಆದರೆ ಮೂರನೆಯ ಪ್ರಯಾಣದ ಹೊತ್ತಿಗೆ ನನಗೆ ನಡೆಯಲು ಬರುವುದಿಲ್ಲ ಎಂಬುದು ಮನದಟ್ಟಾಗಿತ್ತು. ನಾವು ಸಾಮಾನ್ಯವಾಗಿ ಎರಡೂ ಕಾಲುಗಳ ನಡುವೆ ಭಾರ ಹಂಚಿಕೊಂಡು ಹೇಗೋ ಮುಂದೆ ಹೋಗುತ್ತೇವೆ. ಇಲ್ಲಿ ಒಂದು ಕಾಲಿನ ಮೇಲೆ ಮೈಭಾರ ಪೂರ್ತಿ ಬರಬೇಕು, ಇನ್ನೊಂದು ಕಾಲು ಪೂರ್ತಿ ಬಿಡುಗಡೆಯಾಗಬೇಕು, ಆಗ ಮಾತ್ರ ಮುನ್ನಡೆಸುವವರಿಗೆ ನಾನು ಎಲ್ಲಿದ್ದೇನೆ ಎಂಬುದು ತಿಳಿಯುತ್ತದೆ. ಅದೂ ಹಿಂದಕ್ಕೆ ನಡೆಯಬೇಕು. ತಲೆಯ ಮೇಲೆ ತುಂಬಿದ ಕೊಡ ಹೊತ್ತು ಬಾವಿಯಿಂದ ಬರುತ್ತಿದ್ದ ನಮ್ಮ ಅಜ್ಜಿಯ ನಡಿಗೆಯನ್ನು ನೆನೆದುಕೊಂಡಾಗ ಮೊದಲ ಬಾರಿಗೆ ಅದು ನನ್ನ ಮೈಗೆ ಬಂತು: ಕೆಳಗೆ ಕಾಲು ನಡೆಯುತ್ತಿದ್ದರೂ ಮೇಲೆ ನೀರು ತುಳುಕಬಾರದು.

ಓಚೊ ಎಂಬ ಹೆಜ್ಜೆಯಲ್ಲಿ ಪಾದಗಳು ನೆಲದ ಮೇಲೆ ಇಂಗ್ಲಿಷಿನ 8ರ ಆಕಾರ ಬರೆಯುತ್ತವೆ. ಆ ಸ್ಪ್ಯಾನಿಷ್ ಪದದ ಅರ್ಥವೇ ಎಂಟು. ಎದೆ ಒಂದು ಕಡೆಗೆ ತಿರುಗಿದರೂ ಸೊಂಟ ಸ್ವಲ್ಪ ತಡೆದು, ಆಮೇಲೆ ಸುತ್ತಬೇಕು. ನನ್ನ ಮೈಯೆಲ್ಲ ಒಂದೇ ಹಲಗೆಯಂತೆ ತಿರುಗುತ್ತಿತ್ತು. ನಾಲ್ಕು ತಿಂಗಳಾದರೂ ಬರಲಿಲ್ಲ, ಬಲಮೊಣಕಾಲು ಮಾತ್ರ ನೋಯತೊಡಗಿತು. ಒಂದು ದಿನ ಅತ್ತೆಯವರು, ಗೋಡೆ ಹಿಡಿದು ನಾನು ಹೆಣಗುತ್ತಿದ್ದದ್ದನ್ನು ನೋಡಿ, “ಬೀಸುಕಲ್ಲಿಗೆ ಗೂಟ ಇರ್ತೈತಿ ನೋಡು. ಮ್ಯಾಲಿನ ಕಲ್ಲು ತಿರಗತೈತಿ, ಕೆಳಗಿಂದು ಅಲ್ಲೇ ಕುಂತಿರ್ತೈತಿ. ನಿನಗ ಗೂಟನ ಇಲ್ಲ” ಎಂದರು. ಟ್ಯಾಂಗೋ ಗುರುಗಳು ಅಕ್ಷ, ಅಕ್ಷ ಎಂದು ಹೇಳುತ್ತಿದ್ದದ್ದು ಆ ಗೂಟವೇ. ನೆತ್ತಿಯಿಂದ ಪಾದದವರೆಗೆ ಒಂದು ಗೂಟ ಇದೆಯೆಂದು ಭಾವಿಸಿ ದಿನವೂ ಹತ್ತು ನಿಮಿಷ ಅಭ್ಯಾಸ ಮಾಡಿದ ಮೇಲೆ ಓಚೊ ಬಂತು, ಮೊಣಕಾಲಿನ ನೋವೂ ಹೋಯಿತು. ಮೊಣಕಾಲು ನೋಯುತ್ತಿದ್ದರೆ ಪಾದ ಹೊರಳುವ ಮೊದಲೇ ಮೈ ಹೊರಳುತ್ತಿದೆ ಎಂದು ತಿಳಿದು ನಿಲ್ಲಿಸಿರಿ, ಸಹಿಸಿಕೊಂಡು ಮುಂದುವರಿಯಬೇಡಿರಿ.

ಅಪ್ಪುಗೆಗೆ ಅಲ್ಲಿ ಅಬ್ರಾಸೊ ಎನ್ನುತ್ತಾರೆ. ನನಗೆ ಎಲ್ಲಕ್ಕಿಂತ ಕಷ್ಟವೆನಿಸಿದ್ದು ಅದು. ತೆರೆದ ಅಪ್ಪುಗೆಯಲ್ಲಿ ಇಬ್ಬರ ನಡುವೆ ಒಂದು ಗೇಣಿಗಿಂತ ಹೆಚ್ಚು ಅಂತರವಿರುತ್ತದೆ, ಬಿಗಿ ಅಪ್ಪುಗೆಯಲ್ಲಿ ಎದೆಯ ಮೇಲ್ಭಾಗ ತಾಗಿರುತ್ತದೆ. ಎಷ್ಟು ಹತ್ತಿರ ಎಂಬುದನ್ನು ಅನುಸರಿಸುವವರೇ ತೀರ್ಮಾನಿಸಬಹುದು ಮತ್ತು ಅದನ್ನು ಯಾರೂ ಪ್ರಶ್ನಿಸುವಂತಿಲ್ಲ ಎಂದು ಗುರುಗಳು ಮೊದಲ ದಿನವೇ ಹೇಳಿದರು. ನಾನು ಐದು ತಿಂಗಳು ತೆರೆದ ಅಪ್ಪುಗೆಯಲ್ಲಿಯೇ ಕಲಿತೆ. ಮೊದಲ ದಿನ ಹೆಗಲ ಮೇಲಿನ ವೇಲನ್ನು ತೆಗೆದು ಕುರ್ಚಿಯ ಮೇಲಿಡುವಾಗ ಕೈ ನಡುಗಿದ್ದು ಇನ್ನೂ ನೆನಪಿದೆ. ವೇಲು ಇಬ್ಬರ ಕೈಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಇಟ್ಟುಕೊಳ್ಳಲಾಗುವುದಿಲ್ಲ. ಸೀರೆಯಲ್ಲಿಯೂ ಪ್ರಯತ್ನಿಸಿದೆ, ಹಿಂದಕ್ಕೆ ಉದ್ದ ಹೆಜ್ಜೆ ಇಡುವಾಗ ನಿರಿಗೆ ಕಾಲಿಗೆ ತೊಡರುತ್ತದೆ. ಪಕ್ಕದಲ್ಲಿ ಸೀಳು ಇರುವ ಹತ್ತಿಯ ಚೂಡಿದಾರವೇ ನನಗೆ ಸರಿಹೋಯಿತು. ಜೊತೆಗೆ ಕರವಸ್ತ್ರ, ಬದಲಿಸಲು ಇನ್ನೊಂದು ಅಂಗಿ, ಒಂದೆರಡು ಏಲಕ್ಕಿ ಇಟ್ಟುಕೊಳ್ಳಿರಿ, ಕಡು ಸುಗಂಧ ಹಚ್ಚಬೇಡಿರಿ. ಇನ್ನೊಬ್ಬರ ಉಸಿರಿನಷ್ಟು ಹತ್ತಿರ ನಿಲ್ಲುವವರು ಪಾಲಿಸಬೇಕಾದ ಮರ್ಯಾದೆ ಇದು.

ಆರನೆಯ ತಿಂಗಳಲ್ಲಿ, ನನಗಿಂತ ಬಹಳ ಚಿಕ್ಕವನಾದ ಒಬ್ಬ ಸಹಪಾಠಿಯ ಜೊತೆ ಮೊದಲ ಬಾರಿಗೆ ಬಿಗಿ ಅಪ್ಪುಗೆಯಲ್ಲಿ ನಡೆದೆ. ಕಣ್ಣು ತಾನಾಗಿಯೇ ಮುಚ್ಚಿತು. ಅವನು ಉಸಿರು ಎಳೆದುಕೊಂಡದ್ದು ತಿಳಿಯಿತು, ಉಸಿರಿನ ಬೆನ್ನಿಗೆ ಹೆಜ್ಜೆ ಬಂತು, ನಾನು ಅಲ್ಲಿದ್ದೆ. ದಿನವಿಡೀ ಮನೆಯಲ್ಲಿ ಏನು ಬೇಕು, ಕಾಲೇಜಿನಲ್ಲಿ ಏನು ಉಳಿದಿದೆ ಎಂದು ಮುಂದಿನದನ್ನೇ ಎಣಿಸುವ ತಲೆ ಆ ಮೂರು ನಿಮಿಷ ಏನನ್ನೂ ಎಣಿಸಲಿಲ್ಲ. ಅನುಸರಿಸುವುದೆಂದರೆ ಹೇಳಿದಂತೆ ಕೇಳುವುದು ಎಂದು ತಿಳಿದಿದ್ದೆ. ಬಂದ ಸೂಚನೆಯನ್ನು ಪೂರ್ತಿ ಕೇಳಿಸಿಕೊಂಡು, ಹೆಜ್ಜೆಯನ್ನು ಎಷ್ಟು ಹೊತ್ತಿನಲ್ಲಿ, ಎಷ್ಟು ತೂಕದಿಂದ ಇಡಬೇಕೆಂಬುದನ್ನು ನಾನೇ ನಿರ್ಧರಿಸಬಹುದು, ಅವನು ಅದಕ್ಕಾಗಿ ಕಾಯುತ್ತಾನೆ ಎಂಬುದು ಅಂದು ಗೊತ್ತಾಯಿತು.

ಕುಣಿತದಷ್ಟೇ ಕಾಲ ಸಂಗೀತ ಕೇಳಲು ಬೇಕು. ನಾನು ಅದನ್ನು ಮಾಡಿದ್ದು ಧಾರವಾಡ ಮತ್ತು ಹುಬ್ಬಳ್ಳಿಯ ನಡುವಿನ ಚಿಗರಿ ಬಸ್ಸಿನಲ್ಲಿ, ಹೋಗುವಾಗ ಒಂದು ವಾದ್ಯಮೇಳ, ಬರುವಾಗ ಇನ್ನೊಂದು. ಮಿಲೋಂಗಾಗಳಲ್ಲಿ ಹೆಚ್ಚಾಗಿ ಹಾಕುವುದು ಸುಮಾರು 1935ರಿಂದ 1955ರ ನಡುವೆ ಬ್ಯೂನಸ್ ಐರಿಸ್‌ನ ವಾದ್ಯಮೇಳಗಳು ಮುದ್ರಿಸಿದ ಹಾಡುಗಳನ್ನು. ಅವುಗಳನ್ನು ಘರಾನೆಗಳಂತೆ ಗುರುತಿಸಲು ಕಲಿತರೆ ಕಾಲಿಗೆ ಬಹಳ ಅನುಕೂಲ. ಹುವಾನ್ ದಾರಿಯೆನ್ಸೊ ಅವರ ಮೇಳದಲ್ಲಿ ತಾಳ ಚಾಟಿಯಂತೆ ಚುರುಕು. 1935ರ ಕೊನೆಗೆ ರೊದೋಲ್ಫೊ ಬಿಯಾಜಿ ಪಿಯಾನೊಗೆ ಬಂದ ಮೇಲೆ ಆ ಚುರುಕು ಇನ್ನೂ ಏರಿತು, ಆರಂಭಿಕರಿಗೆ ಹೆಜ್ಜೆ ಎಲ್ಲಿಡಬೇಕೆಂಬುದು ಅಲ್ಲಿ ತಪ್ಪದೆ ಕೇಳಿಸುತ್ತದೆ. ಕಾರ್ಲೋಸ್ ದಿ ಸಾರ್ಲಿ ಅವರದು ಪಿಟೀಲುಗಳ ಉದ್ದನೆಯ ಎಳೆತ, ನಡಿಗೆಗೆ ಹೇಳಿಮಾಡಿಸಿದ್ದು. ಓಸ್ವಾಲ್ದೊ ಪುಗ್ಲಿಯೆಸೆ ಅವರ ಲಯ ಹಿಗ್ಗುತ್ತದೆ, ನಿಲ್ಲುತ್ತದೆ, ಒಮ್ಮೆಲೆ ಮೇಲೆರಗುತ್ತದೆ. ವಿಲಂಬಿತ ಖಯಾಲು ಕೇಳಿ ಬೆಳೆದ ನನ್ನಂಥವರಿಗೆ ಕಿವಿಗೆ ಅದೇ ಮೊದಲು ಹಿಡಿಸುತ್ತದೆ, ಕಾಲಿಗೆ ಮಾತ್ರ ಅದೇ ಕೊನೆಗೆ ಒಲಿಯುತ್ತದೆ.

ಅಭ್ಯಾಸದ ಜಾಗಕ್ಕಾಗಿ ಪಟ್ಟ ಪಾಡು ಬೇರೆಯೇ. ಹದಿನೈದು ದಿನಕ್ಕೊಮ್ಮೆ ಕಲಿತದ್ದು ನಡುವೆ ಅಭ್ಯಾಸವಿಲ್ಲದೆ ನಿಲ್ಲುವುದಿಲ್ಲ. ಸಪ್ತಾಪುರದ ನಿವೃತ್ತ ದಂಪತಿಗಳು, ನವನಗರದ ಒಬ್ಬ ಎಂಜಿನಿಯರ್ ಹುಡುಗ, ಗದಗಿನಿಂದ ಬರುವ ನನ್ನ ಗೆಳತಿ ಆಸಕ್ತಿ ತೋರಿದ್ದರಿಂದ ನಾವು ಐವರಾದೆವು. ಒಂದು ಬಡಾವಣೆಯ ಸಮುದಾಯ ಭವನಕ್ಕೆ ಅರ್ಜಿ ಕೊಟ್ಟೆ. ಅವರು ಕೇಳಿದ್ದು ಕೋರಿಕೆ ಪತ್ರ, ಐವರ ಆಧಾರ್ ನಕಲು, ಸಾಮಾನು ಹಾಳಾದರೆ ನಾವೇ ಹೊಣೆ ಎಂಬ ಮುಚ್ಚಳಿಕೆ ಮತ್ತು 2,000 ರೂಪಾಯಿ ಠೇವಣಿ. ಮೂರು ವಾರ ಕಾದ ಮೇಲೆ ಕೀಲಿ ಸಿಕ್ಕಿತು. ಎರಡನೆಯ ಗುರುವಾರ ಸಮಿತಿಯ ಹಿರಿಯರೊಬ್ಬರು ಬಾಗಿಲಲ್ಲಿ ನಿಂತು ನೋಡಿದರು. “ನಾವು ಭರತನಾಟ್ಯ ಅಂತ ತಿಳಕೊಂಡಿದ್ವಿರಿ ಮೇಡಂ” ಎಂದು ಮೆಲ್ಲಗೆ ಹೇಳಿದರು. ಮರುದಿನ ಕೀಲಿ ವಾಪಸು ಕೇಳಿದರು. ಅರ್ಜೆಂಟೀನಾ ಮತ್ತು ಉರುಗ್ವೆ ದೇಶಗಳ ಈ ಕುಣಿತವನ್ನು ಯುನೆಸ್ಕೊ 2009ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ ಎಂಬುದನ್ನು ಮುದ್ರಿಸಿ, ಇನ್ನೊಂದು ಪತ್ರದ ಜೊತೆ ಲಗತ್ತಿಸಿ ಕೊಟ್ಟೆ, ಉತ್ತರ ಬರಲಿಲ್ಲ. ಠೇವಣಿ ಮರಳಿ ಕೈಗೆ ಬರಲು ಎರಡು ತಿಂಗಳು ಹಿಡಿಯಿತು. ಆ ದಿನಗಳಲ್ಲಿ ನನಗೆ ಬಹಳ ಅವಮಾನವಾಗಿತ್ತು, ನಿದ್ದೆಯೂ ಕೆಟ್ಟಿತ್ತು. ಈಗ ಯೋಚಿಸಿದರೆ, ಅರ್ಜಿಯಲ್ಲಿ ಬರೀ ನೃತ್ಯಾಭ್ಯಾಸ ಎಂದು ಬರೆದು, ಅದು ಗಂಡು ಹೆಣ್ಣು ತೆಕ್ಕೆ ಹಿಡಿದು ಕುಣಿಯುವ ನೃತ್ಯ ಎಂಬುದನ್ನು ನಾನು ಮರೆಮಾಡಿದ್ದು ಸರಿಯಲ್ಲ ಎನಿಸುತ್ತದೆ. ಮನೆಯವರಿಗೆ ಹೇಳಿದಷ್ಟೇ ನೇರವಾಗಿ ಅವರಿಗೂ ಹೇಳಬೇಕಾಗಿತ್ತು. ಕಡೆಗೆ ನಮ್ಮ ಮನೆಯ ಪಡಸಾಲೆಯೇ ಅಭ್ಯಾಸದ ಜಾಗವಾಯಿತು.

ಆ ಪಡಸಾಲೆಯ ನೆಲ ಹಳೆಯ ಮೊಸಾಯಿಕ್ ಆಗಿದ್ದದ್ದು ನಮ್ಮ ಪುಣ್ಯ. ಶಹಾಬಾದ್ ಕಲ್ಲಿನ ಒರಟು ನೆಲದ ಮೇಲೆ ಪಾದ ಹೊರಳುವುದಿಲ್ಲ, ಆ ತಿರುವೆಲ್ಲ ಮೊಣಕಾಲಿಗೆ ಬೀಳುತ್ತದೆ. ದೊಡ್ಡ ಟೈಲ್ಸ್ ಹಾಕಿದ ನೆಲದಲ್ಲಿ ಸಂದುಗಳಿಗೆ ಹಿಮ್ಮಡಿ ಸಿಕ್ಕುತ್ತದೆ. ನೆಲ ಜಾರಲೆಂದು ಮುಖದ ಪೌಡರ್ ಚೆಲ್ಲುವವರಿದ್ದಾರೆ, ಖಂಡಿತ ಬೇಡ. ನಮ್ಮ ಹಿರಿಯ ಸದಸ್ಯರು ಒಮ್ಮೆ ಬೀಳುವುದರಲ್ಲಿದ್ದರು. ಪಾದರಕ್ಷೆಯಲ್ಲಿಯೂ ನಾನು ಹಣ ಕಳೆದುಕೊಂಡೆ. ವಿದೇಶದಿಂದ 8,800 ರೂಪಾಯಿಯ ಜೋಡು ತರಿಸಿದೆ. ಕೊರಿಯರ್‌ನವರು ಗುರುತಿನ ದಾಖಲೆ ಕೇಳಿದರು, ಪೊಟ್ಟಣ ಕಸ್ಟಮ್ಸ್‌ನಲ್ಲಿ 11 ದಿನ ನಿಂತಿತು, ಸುಂಕ ಮತ್ತು ಇತರ ಶುಲ್ಕವೆಂದು ಮತ್ತೆ 2,900 ರೂಪಾಯಿ ಕಟ್ಟಿದೆ. ಜೀವಮಾನವೆಲ್ಲ ಚಪ್ಪಲಿ ಹಾಕಿ ಅಗಲವಾದ ನನ್ನ ಪಾದಕ್ಕೆ ಅದು ಹಿಡಿಸಲೇ ಇಲ್ಲ. ಆಮೇಲೆ ಹುಬ್ಬಳ್ಳಿಯಲ್ಲಿ ಚರ್ಮದ ಕೆಲಸ ಮಾಡುವ ಹಿರಿಯರೊಬ್ಬರ ಬಳಿ ನನ್ನ ಹಳೆಯ, ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಒಯ್ದು, ರಬ್ಬರ್ ಅಟ್ಟೆ ತೆಗೆಸಿ ಸ್ವೀಡ್ ಚರ್ಮದ ಅಟ್ಟೆ ಹಾಕಿಸಿದೆ. ತಗುಲಿದ್ದು 350 ರೂಪಾಯಿ. ಜೂನ್‌ನ ಮಿಲೋಂಗಾದಲ್ಲಿ ನಾನು ಕುಣಿದದ್ದು ಅದರಲ್ಲಿಯೇ.

ಇನ್ನು ಮಿಲೋಂಗಾಗಳ ಮಾತು. ಅಲ್ಲಿ ಒಂದೇ ಮೇಳದ ಮೂರು ಅಥವಾ ನಾಲ್ಕು ಹಾಡುಗಳನ್ನು ಒಟ್ಟಿಗೆ ಹಾಕುತ್ತಾರೆ. ಆ ಗುಚ್ಛಕ್ಕೆ ತಾಂದಾ ಎಂದು ಹೆಸರು. ಕೇಳಲು ನಮ್ಮ ಲಂಬಾಣಿ ತಾಂಡಾದಂತಿದ್ದರೂ ಸಂಬಂಧವಿಲ್ಲ. ತಾಂದಾ ಮುಗಿದ ಮೇಲೆ ಕುಣಿತಕ್ಕೆ ಹೊಂದದ ಬೇರೊಂದು ಸಂಗೀತದ ತುಣುಕು ಬರುತ್ತದೆ, ಅದು ಕೋರ್ತಿನಾ, ಅಂದರೆ ಪರದೆ. ಆಗ ಎಲ್ಲರೂ ನೆಲ ಬಿಟ್ಟು ತಮ್ಮ ಜಾಗಕ್ಕೆ ಮರಳುತ್ತಾರೆ. ಕುಣಿಯುವ ಜೋಡಿಗಳೆಲ್ಲ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸಾಗುತ್ತವೆ. ಗುಡಿಯ ಪ್ರದಕ್ಷಿಣೆಯ ತಿರುವುಮುರುವು ಎಂದು ನೆನಪಿಟ್ಟುಕೊಂಡರೆ ಸಾಕು. ಕರೆಯುವ ಬಗೆ ಮಾತ್ರ ವಿಶೇಷ. ಯಾರೂ ಹತ್ತಿರ ಬಂದು ಕೈ ಚಾಚಿ ಕೇಳುವುದಿಲ್ಲ. ದೂರದಿಂದ ನೋಟ ಕೂಡಬೇಕು, ಕೂಡಿದ ಮೇಲೆ ಒಬ್ಬರು ತಲೆಯನ್ನು ತುಸು ಬಾಗಿಸಬೇಕು, ಇನ್ನೊಬ್ಬರು ಒಪ್ಪಿ ತಲೆಯಾಡಿಸಬೇಕು. ನೋಟಕ್ಕೆ ಮಿರಾದಾ, ತಲೆಯಾಡಿಸುವುದಕ್ಕೆ ಕಬೆಸೆಯೊ ಎನ್ನುತ್ತಾರೆ. ಬೇಡವಾದರೆ ನೋಟ ಬೇರೆಡೆಗೆ ಹೊರಳಿಸಿದರೆ ಮುಗಿಯಿತು. ಇಲ್ಲ ಎಂಬ ಮಾತನ್ನು ಯಾರೂ ಆಡಬೇಕಾಗಿಲ್ಲ, ಯಾರೂ ಎಲ್ಲರೆದುರು ತಲೆತಗ್ಗಿಸಬೇಕಾಗಿಲ್ಲ.

ಇದನ್ನೆಲ್ಲ ತಿಳಿದುಕೊಂಡೇ 2025ರ ಜನವರಿಯಲ್ಲಿ ಮೊದಲ ಮಿಲೋಂಗಾಗೆ ಹೋದೆ. ಎರಡು ತಾಸು ಕುರ್ಚಿಯ ಮೇಲೆ ಕುಳಿತಿದ್ದೆ, ಒಬ್ಬರೂ ಕರೆಯಲಿಲ್ಲ. ನನ್ನ ವಯಸ್ಸಿನಿಂದಲೋ, ಹಳೆಯ ಸ್ಯಾಂಡಲಿನಿಂದಲೋ ಎಂದು ಏನೇನೋ ಯೋಚಿಸಿ, ರೈಲಿನಲ್ಲಿ ಅತ್ತುಬಿಟ್ಟೆ. ಮುಂದಿನ ತರಗತಿಯಲ್ಲಿ ಗುರುಗಳು ಹೇಳಿದರು: “ನಿಮ್ಮನ್ನು ಕರೆಯಲು ಕನಿಷ್ಠ ಮೂವರು ಪ್ರಯತ್ನಿಸಿದರು. ನೀವು ನೆಲ ನೋಡುತ್ತಿದ್ದಿರಿ.” ಗಂಡಸು ಎದುರಾದರೆ ತಲೆ ತಗ್ಗಿಸಬೇಕೆಂದು ಏಳನೆಯ ವಯಸ್ಸಿನಿಂದ ನನ್ನ ಮೈಗೆ ಹತ್ತಿದ್ದ ಪಾಠವನ್ನು ಕಾಲು, ಸೊಂಟ, ಬೆನ್ನು ಎಲ್ಲವೂ ಮರೆತ ಮೇಲೂ ಕಣ್ಣು ಮರೆತಿರಲಿಲ್ಲ. ಯಾವ ಹೆಜ್ಜೆಗೂ ಪಡದ ಶ್ರಮವನ್ನು ನಾನು ಇದಕ್ಕಾಗಿ ಪಟ್ಟೆ. ಗುರುವಾರದ ಅಭ್ಯಾಸದಲ್ಲಿ ನಾವು ಐವರೂ ಪಡಸಾಲೆಯ ನಾಲ್ಕು ಮೂಲೆಗೆ ಕುಳಿತು, ಕಣ್ಣಿನಿಂದ ಕರೆಯುವುದು, ಒಪ್ಪುವುದು, ಬೇಡವೆನ್ನುವುದು ಇಷ್ಟನ್ನೇ ಅರ್ಧ ತಾಸು ಮಾಡುತ್ತಿದ್ದೆವು. ಬೇಡವೆನ್ನುವ ಅಭ್ಯಾಸ ನನ್ನ ಗದಗಿನ ಗೆಳತಿಗೆ ಎಷ್ಟು ಹಿಡಿಸಿತೆಂದರೆ, ಜೀವನದಲ್ಲಿ ಜಗಳವಿಲ್ಲದೆ ಬೇಡವೆಂದದ್ದು ಇದೇ ಮೊದಲು ಎಂದು ಅವಳು ಹೇಳಿದಳು.

ಮಾರ್ಚ್‌ನ ಎರಡನೆಯ ಮಿಲೋಂಗಾದಲ್ಲಿ ತಲೆ ಎತ್ತಿದೆ, ಒಬ್ಬರು ಕರೆದರು, ಮೊದಲ ಹಾಡು ಚೆನ್ನಾಗಿಯೇ ಮುಗಿಯಿತು. ಸೌಜನ್ಯಕ್ಕೆಂದು ಥ್ಯಾಂಕ್ಸ್ ಎಂದೆ. ಅವರು ತಲೆಬಾಗಿ ನನ್ನನ್ನು ಕುರ್ಚಿಯವರೆಗೆ ಬಿಟ್ಟು ಹೋದರು. ತಾಂದಾದ ನಡುವೆ ಧನ್ಯವಾದ ಹೇಳಿದರೆ ಇಲ್ಲಿಗೆ ಸಾಕು ಎಂದು ಅರ್ಥ, ನನಗೆ ಗೊತ್ತಿರಲಿಲ್ಲ. ಹಾಡು ಹಾಡಿನ ನಡುವೆ ಸುಮ್ಮನೆ ನಿಲ್ಲಿರಿ, ಬೇಕಾದರೆ ಒಂದೆರಡು ಮಾತಾಡಿರಿ, ಧನ್ಯವಾದವನ್ನು ಕೊನೆಗೆ ಇಟ್ಟುಕೊಳ್ಳಿರಿ.

ಜೂನ್‌ನ ರಾತ್ರಿ ದಿ ಸಾರ್ಲಿ ಮೇಳದ ತಾಂದಾ ಶುರುವಾದಾಗ ಎದುರು ಗೋಡೆಯ ಬಳಿ ಕುಳಿತಿದ್ದ ಬಿಳಿಗೂದಲಿನ ಹಿರಿಯರನ್ನು ನೋಡಿದೆ. ಅವರೂ ನೋಡಿದರು. ನಾನು ಕಣ್ಣು ಇಳಿಸಲಿಲ್ಲ. ಅವರು ತಲೆಬಾಗಿಸಿ, ನೆಲದ ಅಂಚಿನಲ್ಲಿ ನಡೆದು, ನನ್ನ ಮುಂದೆ ಬಂದು ನಿಲ್ಲುವವರೆಗೂ ಆ ನೋಟ ಕಡಿಯಲಿಲ್ಲ. ಅವರು ಕುಣಿದದ್ದು ಬಹಳ ಕಡಿಮೆ: ನಡಿಗೆ, ನಿಲುಗಡೆ, ಎರಡು ಮೂರು ಓಚೊ. ಎರಡನೆಯ ಹಾಡಿನಲ್ಲಿ ಪಿಟೀಲು ಎಳೆದಷ್ಟು ಹೊತ್ತು ನಾನು ಪಾದವನ್ನು ನೆಲದ ಮೇಲೆ ನಿಧಾನವಾಗಿ ಎಳೆದೆ, ಅವರು ಕಾದರು. ನಾಲ್ಕನೆಯದು ಮುಗಿದಾಗ ಇಬ್ಬರೂ ತಟಕ್ಕನೆ ಬಿಡಲಿಲ್ಲ, ಒಂದು ಉಸಿರಿನಷ್ಟು ಹೊತ್ತು ಹಾಗೆಯೇ ನಿಂತೆವು. ಆಮೇಲೆ ಅವರು ಧನ್ಯವಾದ ಎಂದರು, ನಾನೂ ಎಂದೆ. ಕೂಟದ ಕೊನೆಗೆ ರೂಢಿಯಂತೆ, ಮೊಂತೆವಿದೆಯೊದ ವಿದ್ಯಾರ್ಥಿ ಹೆರಾರ್ದೊ ಮಾತೋಸ್ ರೊದ್ರಿಗೇಸ್ ರಚಿಸಿದ ಲಾ ಕುಂಪರ್ಸೀತಾ ಹಾಕಿದರು. ಅದು ಕೇಳಿಬಂದರೆ ಮುಂದೆ ಹಾಡಿಲ್ಲ ಎಂದು ತಿಳಿಯಬೇಕು. ಅದನ್ನು ನಾನು ನನ್ನ ಗುರುಗಳ ಜೊತೆ ಕುಣಿದೆ.

ಖರ್ಚಿನ ಲೆಕ್ಕ ಕೇಳುವವರಿಗೆ: ಪ್ರಯಾಣ 52,800, ಬೆಂಗಳೂರಿನ ತರಗತಿಗಳು 21,500, ಹಿಡಿಸದ ಜೋಡು ಸುಂಕ ಸಮೇತ 11,700, ಹುಬ್ಬಳ್ಳಿಯ ಮೊದಲ ತರಗತಿ 4,500, ಅಟ್ಟೆ 350 ರೂಪಾಯಿ. ಬೆಂಗಳೂರಿಗೆ ಮೊದಲ ಸಲ ಹೋಗುವ ಮುನ್ನವೇ ಊರಿನಲ್ಲಿ ಒಬ್ಬ ಜೊತೆಗಾರರನ್ನು ಹುಡುಕಿಕೊಂಡರೆ ಪ್ರಯಾಣಗಳನ್ನು ತಿಂಗಳಿಗೊಂದಕ್ಕೆ ಇಳಿಸಬಹುದು. ಜೊತೆಗಾರರು ಗಂಡಸೇ ಆಗಬೇಕೆಂದಿಲ್ಲ. ನಾನೂ ನನ್ನ ಗೆಳತಿಯೂ ಮುನ್ನಡೆಸುವುದನ್ನು ಪಾಳಿಯ ಮೇಲೆ ಕಲಿಯುತ್ತಿದ್ದೇವೆ. ಹಳೆಯ ಬ್ಯೂನಸ್ ಐರಿಸ್‌ನಲ್ಲಿ ಗಂಡಸರು ಗಂಡಸರೊಂದಿಗೇ ಅಭ್ಯಾಸ ಮಾಡಿ ಪಳಗಿದ ಮೇಲೆ ಕೂಟಕ್ಕೆ ಹೋಗುತ್ತಿದ್ದರಂತೆ.

ಗುರುವಾರ ಸಂಜೆ ಏಳಕ್ಕೆ ನಮ್ಮ ಅಭ್ಯಾಸ ಈಗಲೂ ನಡೆದಿದೆ. ಅತ್ತೆಯ ಮಂಚವನ್ನು ಆ ಹೊತ್ತಿಗೆ ಒಳಗೆ ಸರಿಸುತ್ತೇವೆ, ಅವರು ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂಡುತ್ತಾರೆ, ಯಜಮಾನರು ಹಾಡು ಹಾಕುತ್ತಾರೆ. ಅಪ್ಪನ ಪೇಟಿಯಲ್ಲಿ ಎರಡು ಸ್ವರಗಳ ನಾಲಿಗೆ ಕೆಟ್ಟಿದ್ದವು. ಅದನ್ನು ರಿಪೇರಿ ಮಾಡಿಸಿದ ಮೇಲೆ ಮಗಳು ಅದರಲ್ಲಿ ಅರ್ಧ ನಿಮಿಷದ ಒಂದು ಭಜನೆಯ ಮಟ್ಟು ನುಡಿಸಿ ಮುದ್ರಿಸಿಕೊಟ್ಟಿದ್ದಾಳೆ. ನಮ್ಮ ಕೋರ್ತಿನಾ ಅದೇ. ಬೆಂಗಳೂರಿನ ಮುಂದಿನ ಮಿಲೋಂಗಾ ಆಗಸ್ಟ್‌ನಲ್ಲಿದೆ. ಗದಗಿನ ಗೆಳತಿಯೂ ಬರುತ್ತಾಳೆ, ಇಬ್ಬರ ಟಿಕೆಟ್ಟೂ ಖಾತ್ರಿಯಾಗಿದೆ.